ಟೈಮ್‌ಟೇಬಲ್ ರಾಯರು ಕೇಳಿದ ಎರಡು ನಿಮಿಷ

ನಮ್ಮ ಹಳೆಯ ವಠಾರದ ರಾಯರು ಹೋಗಿಬಿಟ್ಟರಂತೆ ಎಂದು ಮೊನ್ನೆ ಯಾರೋ ಹೇಳಿದಾಗ ನನ್ನ ಬಾಯಿಂದ ಮೊದಲು ಬಂದದ್ದು "ಅಯ್ಯೋ ಪಾಪ" ಅಲ್ಲ. "ಎಷ್ಟು ಗಂಟೆಗಂತೆ?" ಎಂದು. ಹೇಳಿದವರು ನನ್ನನ್ನು ಒಂದು ಥರಾ ನೋಡಿದರು. ಅವರಿಗೇನು ಗೊತ್ತು? ಆ ಮನುಷ್ಯ ಸರಿಯಾದ ಹೊತ್ತಿಗೆ ಹೊರಟರೋ, ತಡವಾಯಿತೋ, ತಡವಾಗಿದ್ದರೆ ಕಾರಣವೇನು, ಇದೆಲ್ಲ ತಿಳಿಯದೆ ಅವರಿಗಾಗಿ ಅಳುವುದು ಹೇಗೆ?

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರ ಮಗ ಓದಿ ಬೇಜಾರು ಮಾಡಿಕೊಂಡಾನು ಎಂಬ ಹೆದರಿಕೆಯೇನಿಲ್ಲ. ಆ ಹುಡುಗ ಯಾವುದನ್ನೂ ಹೊತ್ತಿಗೆ ಸರಿಯಾಗಿ ಮಾಡಿದವನೇ ಅಲ್ಲ, ಅವನು ಇದನ್ನು ಓದುವ ಹೊತ್ತಿಗೆ ನಾನೂ ಇರುವುದಿಲ್ಲ. ಹೇಗೂ ವಠಾರದಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಟೈಮ್‌ಟೇಬಲ್ ರಾಯರು ಎಂದರೆ ಒಂಟಿಕೊಪ್ಪಲಿನ ನಾಲ್ಕು ಬೀದಿಗೆ ಗೊತ್ತಿತ್ತು. ಆ ಹೆಸರು ಇಟ್ಟವಳು ನಾನೇ. ಆಗ ನನಗೆ ಇಪ್ಪತ್ತೈದು ವರ್ಷ. ನಾಲಿಗೆ ಈಗಿನದಕ್ಕಿಂತ ಉದ್ದವಾಗಿತ್ತು, ಕೆಲಸ ಈಗಿನಷ್ಟೇ ಇತ್ತು.

ರಾಯರಿಗೆ ರೈಲ್ವೆ ಕಚೇರಿಯಲ್ಲಿ ಗುಮಾಸ್ತೆ ಕೆಲಸ. ಯಾವ ಗಾಡಿ ಎಷ್ಟು ಹೊತ್ತಿಗೆ ಬಂತು, ಎಷ್ಟು ನಿಮಿಷ ತಡವಾಯಿತು, ಯಾಕೆ ತಡವಾಯಿತು ಎಂದು ದಪ್ಪ ರಿಜಿಸ್ಟರಿನಲ್ಲಿ ಬರೆದಿಡುವುದು. ಒಂದು ಕಿವಿಯ ಮೇಲೆ ಕೆಂಪು ಪೆನ್ಸಿಲ್ಲು, ಇನ್ನೊಂದರ ಮೇಲೆ ನೀಲಿ ಪೆನ್ಸಿಲ್ಲು. ಕಚ್ಚೆ ಪಂಚೆ, ಮುಚ್ಚುಗೊರಳಿನ ಕೋಟು, ಕೋಟಿನ ಜೇಬಿನಲ್ಲಿ ಸರಪಣಿ ಗಡಿಯಾರ, ತಲೆಯ ಮೇಲೆ ಕರಿ ಟೋಪಿ. ಅವರು ಕಚೇರಿಗೆ ಹೊರಡುವುದನ್ನು ನೋಡಿ ನಾವು ಅನ್ನಕ್ಕೆ ಎಸರಿಡುತ್ತಿದ್ದೆವು. ಅಷ್ಟರ ಮಟ್ಟಿಗೆ ಅವರಿಂದ ವಠಾರಕ್ಕೆ ಉಪಕಾರವಿತ್ತು.

ಮದುವೆಯಾಗಿ ಹದಿನಾಲ್ಕು ವರ್ಷಕ್ಕೆ, ಸ್ವಾತಂತ್ರ್ಯ ಬಂದ ಎರಡು ವರ್ಷಕ್ಕೆ, ಅವರಿಗೊಬ್ಬ ಮಗ ಹುಟ್ಟಿದ. ಶೀನ. ಅದೇ ತಿಂಗಳು ನನಗೆ ಪದ್ದು ಹುಟ್ಟಿದಳು. ನಾವೆಲ್ಲ ಮಕ್ಕಳನ್ನು ಹೆತ್ತು, ಎಣ್ಣೆ ಹಚ್ಚಿ, ನೀರು ಹಾಕಿ, ಅತ್ತಾಗ ಎತ್ತಿಕೊಂಡು, ಹೆಚ್ಚು ಅತ್ತರೆ ಒಂದು ಬಿಟ್ಟು ಬೆಳೆಸಿದವರು. ರಾಯರು ಹಾಗಲ್ಲ. ಮಗು ಎನ್ನುವುದೂ ಒಂದು ಗಾಡಿ, ಅದನ್ನು ಹಳಿಯ ಮೇಲೆ ಹೊರಡಿಸುವುದು ತಂದೆಯ ಡ್ಯೂಟಿ ಎಂದು ಅವರು ತೀರ್ಮಾನ ಮಾಡಿಬಿಟ್ಟರು. ಎಲ್ಲಿಂದಲೋ ಮಕ್ಕಳನ್ನು ಬೆಳೆಸುವ ಇಂಗ್ಲಿಷ್ ಪುಸ್ತಕ ತಂದು, ಮುಖ್ಯವಾದ ಸಾಲುಗಳ ಕೆಳಗೆ ಕೆಂಪು ಗೆರೆ, ಬಹಳ ಮುಖ್ಯವಾದ ಸಾಲುಗಳ ಕೆಳಗೆ ನೀಲಿ ಗೆರೆ ಎಳೆದರು. ಶೀನನಿಗೆ ಎರಡು ವರ್ಷ ತುಂಬಿದ ದಿನ ನಡುಮನೆಯ ಗೋಡೆಯ ಮೇಲೆ ಒಂದು ವೇಳಾಪಟ್ಟಿ ಬಂತು.

ಅರಿಶಿನ ಕುಂಕುಮಕ್ಕೆ ಕರೆದಿದ್ದಾಗ ನಾನು ಅದನ್ನು ನಿಂತು ಓದಿದೆ, ಬೇರೆಯವರಿಗೂ ಓದಿ ಹೇಳಿದೆ. ಆರೂವರೆಗೆ ಏಳುವುದು. ಆರು ನಲವತ್ತಕ್ಕೆ ಕಿಟಕಿಯಿಂದ ಹೊರಗೆ ನೋಡುವುದು. ಏಳಕ್ಕೆ ಮಗು ಪ್ರಶ್ನೆ ಕೇಳುವುದು. ಏಳೂ ಕಾಲಿಗೆ ತಂದೆ ಉತ್ತರ ಹೇಳುವುದು. ಸಂಜೆ ಐದೂವರೆಯಿಂದ ಆರೂ ಕಾಲರವರೆಗೆ ಸ್ವತಂತ್ರ ಆಟ. ಆರೂ ಕಾಲರಿಂದ ಆರೂವರೆ, ಸುಮ್ಮನೆ ಇರುವುದು. "ನಗೋದು ಎಷ್ಟು ಹೊತ್ತಿಗೆ ರೀ?" ಎಂದು ರಾಯರ ಹೆಂಡತಿಯನ್ನು ಕೇಳಿದೆ. ಆ ಪುಣ್ಯಾತ್ಗಿತ್ತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, "ನನಗಾ? ಅವ್ರು ಆಫೀಸಿಗೆ ಹೋದ್ಮೇಲೆ ಕಣ್ರೀ" ಎಂದರು.

ವೇಳಾಪಟ್ಟಿಯ ಕೆಳಗೆ ಒಂದು ರಿಜಿಸ್ಟರು ನೇತಾಡುತ್ತಿತ್ತು. ಅದರಲ್ಲಿ ತಡವಾದ ನಿಮಿಷಗಳು, ಪಕ್ಕದಲ್ಲಿ ಕಾರಣ. ಹತ್ತು ನಿಮಿಷ ತಡ, ಕಾರಣ: ಇರುವೆ ಸಾಲು. ಇಪ್ಪತ್ತು ನಿಮಿಷ ತಡ, ಕಾರಣ: ಅಜ್ಜಿ. ಒಂದು ಗಂಟೆ ತಡ, ಕಾರಣ: ತಿಳಿದಿಲ್ಲ, ಮಗು ಸಂತೋಷವಾಗಿದೆ. ಇಂಥದ್ದನ್ನು ಓದಿ ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇನೆ. ಮರುದಿನ ಬೆಳಿಗ್ಗೆ ನಲ್ಲಿಯ ಹತ್ತಿರ ಬಿಂದಿಗೆ ತುಂಬುವುದರೊಳಗೆ ಏಳು ಮನೆಯ ಹೆಂಗಸರನ್ನೂ ನಗಿಸಿದ್ದೇನೆ. ವಠಾರಕ್ಕೆ ಇದ್ದದ್ದು ಒಂದೇ ನಲ್ಲಿ, ನೀರು ಬರುತ್ತಿದ್ದದ್ದು ಸಣ್ಣಗೆ. ಕಥೆಗೆ ಬೇಕಾದಷ್ಟು ಹೊತ್ತಿರುತ್ತಿತ್ತು.

ಮಗುವಿಗೆ ಎಣಿಕೆ ಬರಲಿ ಎಂದು ರಾಯರು ಭಾನುವಾರ ಅವನನ್ನು ರೈಲ್ವೆ ಗೇಟಿನ ಹತ್ತಿರ ಕರೆದುಕೊಂಡು ಹೋಗಿ ಗೂಡ್ಸ್ ಗಾಡಿಯ ಡಬ್ಬಿಗಳನ್ನು ಎಣಿಸುತ್ತಿದ್ದರು. ಒಂದು ದಿನ ಮೂವತ್ತೆರಡಕ್ಕೆ ಗಾಡಿ ಮುಗಿದುಹೋಯಿತು. ಶೀನ, "ಇನ್ನೊಂದ್ಸಲ" ಎಂದ. ಬೇರೆ ಯಾರಾದರೂ ಆಗಿದ್ದರೆ ಒಂದು ಪೆಪ್ಪರಮೆಂಟು ಕೊಡಿಸಿ ಎತ್ತಿಕೊಂಡು ಬರುತ್ತಿದ್ದರು. ಇವರು ಗೇಟಿನ ಕಲ್ಲಿನ ಮೇಲೆ ಕೂತು, ಹೋದ ಗಾಡಿಯನ್ನು ಹಿಂದಕ್ಕೆ ಕರೆಸಲು ಯಾರ ಯಾರ ಅಪ್ಪಣೆ ಬೇಕು, ಅಷ್ಟರಲ್ಲಿ ಎದುರಿನಿಂದ ಬರುವ ಪ್ಯಾಸೆಂಜರಿನ ಗತಿಯೇನು ಎಂದು ಮೂರು ವರ್ಷದ ಹುಡುಗನಿಗೆ ಮುಕ್ಕಾಲು ಗಂಟೆ ವಿವರಿಸಿದರಂತೆ. ಹುಡುಗ ಎಲ್ಲ ಕೇಳಿಸಿಕೊಂಡು, "ಸರಿ, ನಾಳೆ" ಎಂದನಂತೆ.

ಅಷ್ಟೇ ಆಗಿದ್ದರೆ ತಡೆದುಕೊಳ್ಳಬಹುದಿತ್ತು. ಅವರು ಮಗನನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದರು. "ಬನ್ನಿ ಶೀನಪ್ಪನವರೇ, ಕಾಲು ತೊಳ್ಕೊಳ್ಳಿ." ಮಗು ಕೇಳಿದ್ದನ್ನೇ ಕಲಿಯುತ್ತದೆ, ಆದ್ದರಿಂದ ಮರ್ಯಾದೆಯನ್ನೇ ಕೇಳಿಸಬೇಕಂತೆ. ಮಗು ಕಲಿತೇಬಿಟ್ಟಿತು. ಬೀದಿಯ ಕಜ್ಜಿ ನಾಯಿಗೆ "ತಾವು ಆ ಕಡೆ ಹೋಗಿ" ಎನ್ನುತ್ತಿತ್ತು. ಹಾಲಿನ ನಿಂಗಮ್ಮ ಕುಂಬಾರಕೊಪ್ಪಲಿನಿಂದ ಎಮ್ಮೆ ಹೊಡೆದುಕೊಂಡು ಬಂದರೆ ಎಮ್ಮೆಗೂ ನಮಸ್ಕಾರ. "ಅಯ್ಯೋ ನನ್ನಪ್ಪ, ಎಮ್ಮೆಗೇ ಬೋ ಮರ್ವಾದೆ ಕೊಟ್ಬುಟ್ಯಲ್ಲ, ಅದು ನಾಳಿಂದ ನನ್ ಮಾತು ಎಂಗೆ ಕೇಳಾದು!" ಎಂದು ನಿಂಗಮ್ಮ ನಕ್ಕಿದ್ದೂ ನಕ್ಕಿದ್ದೇ.

ಇನ್ನು ಮಣ್ಣಿನ ವಿಷಯ. ಮಕ್ಕಳು ಮಣ್ಣಿನಲ್ಲಿ ಆಡಬೇಕು ಎಂದು ಪುಸ್ತಕ ಹೇಳಿತು. ರಾಯರು ಮರಳು ತಂದು, ಜರಡಿ ಹಿಡಿದು, ತೊಳೆದು, ಒಣಗಿಸಿ, ಹಿತ್ತಿಲಲ್ಲಿ ನಾಲ್ಕು ಇಟ್ಟಿಗೆ ಇಟ್ಟು ಸುರಿದರು. ಶೀನ ಅದನ್ನು ಒಂದು ಸಲ ನೋಡಿ, ನೆಟ್ಟಗೆ ನಮ್ಮ ಬಚ್ಚಲ ನೀರು ಹರಿಯುವ ಜಾಗಕ್ಕೆ ಬಂದು ಕುಕ್ಕರುಗಾಲಲ್ಲಿ ಕೂತ. ಅಲ್ಲಿ ನಮ್ಮ ಪದ್ದು ಮೊದಲೇ ಕೂತಿದ್ದಳು. ಇಬ್ಬರೂ ಕೆಸರಿನಲ್ಲಿ ಇಡ್ಲಿ ಮಾಡುತ್ತಿದ್ದರು. ಇಬ್ಬರೂ ಎಡಗೈಯಲ್ಲಿ ಮಾಡುತ್ತಿದ್ದರು.

ಹೌದು, ಇಬ್ಬರೂ ಎಡಚರು. ಒಂದೇ ಗೋಡೆಯ ಆಚೆ ಈಚೆ ಎರಡು ಎಡಗೈ. ನಾನು ಇಷ್ಟು ಹೊತ್ತು ರಾಯರನ್ನು ಆಡಿಕೊಂಡದ್ದು, ನಿಜ ಹೇಳಬೇಕೆಂದರೆ, ಈ ಮಾತಿಗೆ ಬರುವುದನ್ನು ಆದಷ್ಟು ಮುಂದಕ್ಕೆ ಹಾಕಲು.

ಮಕ್ಕಳಿಗೆ ನಾಲ್ಕು ತುಂಬಿದ ವರ್ಷ ವಿಜಯದಶಮಿಗೆ ಎರಡೂ ಮನೆಯಲ್ಲಿ ಅಕ್ಷರಾಭ್ಯಾಸ. ಮೊದಲು ಅವರ ಮನೆಯಲ್ಲಿ. ತಟ್ಟೆಯಲ್ಲಿ ಅಕ್ಕಿ ಹರಡಿ, ಪುರೋಹಿತರು ಶೀನನ ಬಲಗೈ ಹಿಡಿದರು. ಶೀನ ಅದನ್ನು ಬಿಡಿಸಿಕೊಂಡು ಎಡಗೈ ಮುಂದಿಟ್ಟ. ಪುರೋಹಿತರು ಮತ್ತೆ ಬಲಗೈ ಹಿಡಿದರು. ಆಗ ರಾಯರು, "ಸ್ವಾಮಿ, ಅವರು ಕೊಟ್ಟ ಕೈ ಹಿಡ್ಕೊಳ್ಳಿ" ಎಂದರು.

"ಎಡಗೈಲಿ ಓಂಕಾರವೇ? ಶಾಸ್ತ್ರ ಅಂತ ಒಂದಿದೆ ರಾಯರೇ!"

"ದೇವರ ಪ್ರಸಾದ ಬಲಗೈಲಿ ತಗೋತಾರೆ, ಊಟ ಬಲಗೈಲಿ ಮಾಡ್ತಾರೆ, ಅಷ್ಟು ಕಲ್ತಿದಾರೆ. ಬರೆಯೋದು ಅವರ ಕೆಲಸ ಸ್ವಾಮಿ, ಅವರಿಗೆ ಯಾವ ಕೈ ಓಡುತ್ತೋ ಆ ಕೈಲಿ ಬರೀಲಿ."

ರಾಯರ ತಾಯಿ ಹಣೆ ಹಣೆ ಚಚ್ಚಿಕೊಂಡರು. ವಠಾರವೆಲ್ಲ ಮೂಗಿನ ಮೇಲೆ ಬೆರಳಿಟ್ಟುಕೊಂಡು ನಿಂತಿತು. ಹುಡುಗ ಎಡಗೈಯಲ್ಲೇ ಅಕ್ಕಿಯ ಮೇಲೆ ಏನೋ ಒಂದು ಸೊಟ್ಟ ಗೆರೆ ಎಳೆದ. ಮರುದಿನ ನಲ್ಲಿಯ ಹತ್ತಿರ ನಾನು, "ಬರೋ ವರ್ಷ ಎಡಗಾಲಲ್ಲಿ ಬರೆಸ್ತಾರೆ, ನೋಡ್ತಿರಿ. ಅದಕ್ಕೂ ಒಂದು ಟೈಮು ಇಟ್ಟಿರ್ತಾರೆ" ಎಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗೆ ಬಹಳ ಖುಷಿಯಾಯಿತು.

ನಮ್ಮ ಮನೆಯ ಅಕ್ಷರಾಭ್ಯಾಸ ಶಾಸ್ತ್ರೋಕ್ತವಾಗಿ ನಡೆಯಿತು. ನಡೆಯುವಂತೆ ನಾನು ನೋಡಿಕೊಂಡಿದ್ದೆ. ಹಳೆಯ ಸೀರೆಯ ಅಂಚು ಹರಿದು, ಪದ್ದುವಿನ ಎಡಗೈಯನ್ನು ಲಂಗದ ದಾರಕ್ಕೆ ಸೇರಿಸಿ ಕಟ್ಟಿದ್ದೆ. ಆಮೇಲೆ ದಿನಾ ಊಟಕ್ಕೆ ಕೂತಾಗ, ಸ್ಲೇಟು ಹಿಡಿದಾಗ ಅದೇ ಕಟ್ಟು. ಹೆಣ್ಣು ಮಗು. ನಾಳೆ ಎಡಗೈಯಲ್ಲಿ ಕುಂಕುಮ ಕೊಟ್ಟರೆ ಯಾರು ಇಟ್ಟುಕೊಳ್ಳುತ್ತಾರೆ? ಎಡಗೈಯಲ್ಲಿ ಬಡಿಸಿದರೆ ಯಾರು ಉಣ್ಣುತ್ತಾರೆ? ನನಗೆ ವೇಳಾಪಟ್ಟಿ ಬೇಕಿರಲಿಲ್ಲ, ಪುಸ್ತಕ ಬೇಕಿರಲಿಲ್ಲ, ಒಂದು ಗೇಣು ಬಟ್ಟೆ ಸಾಕಾಗಿತ್ತು. ಎರಡು ತಿಂಗಳಲ್ಲಿ ಮಗು ಬಲಗೈಯಲ್ಲಿ ಅ ಆ ಬರೆಯಿತು. ಅಕ್ಷರ ಮುತ್ತಿನ ಹಾಗಿತ್ತು. ನಾನು ಸ್ಲೇಟನ್ನು ಬಚ್ಚಿಡದೆ ಜಗಲಿಯ ಮೇಲೆ ಇಡುತ್ತಿದ್ದೆ, ರಾಯರ ಮನೆಗೆ ಹೋಗಿಬರುವವರಿಗೆ ಕಾಣಲಿ ಎಂದು.

ಮೂರನೆಯ ತಿಂಗಳು ಮಾತು ನಿಂತಿತು. ಪೂರ್ತಿ ನಿಲ್ಲಲಿಲ್ಲ, ಸಿಕ್ಕಿಕೊಳ್ಳತೊಡಗಿತು. ಅರಳು ಹುರಿದ ಹಾಗೆ ಮಾತಾಡುತ್ತಿದ್ದ ಹುಡುಗಿ "ಅ... ಅ... ಅ..." ಎಂದು ನಿಂತುಬಿಡುವಳು. ಹೆಸರೇನು ಎಂದು ಕೇಳಿದರೆ ತನ್ನ ಹೆಸರೇ ಬಾಯಿಗೆ ಬಾರದು. ಕುತ್ತಿಗೆಯ ನರ ಉಬ್ಬುವುದು, ಕಣ್ಣು ತುಂಬುವುದು. ಬಜೆ ತೇಯ್ದು ನಾಲಿಗೆಗೆ ತಿಕ್ಕಿದೆವು. ದೃಷ್ಟಿ ತೆಗೆದೆವು. ಅವಳ ಅಪ್ಪ, "ಸರಿಹೋಗುತ್ತೆ ಬಿಡೇ" ಎಂದು ಪೇಪರು ಓದಿದರು. ನಾನು ಅವಳ ಮಾತನ್ನು ಅವಳಿಗಿಂತ ಮೊದಲು ಮುಗಿಸಿಕೊಡುವುದನ್ನು ರೂಢಿ ಮಾಡಿಕೊಂಡೆ. "ನೀ... ನೀ..." ಎಂದರೆ "ನೀರಾ, ತಗೋ." ಅದೇ ಸಹಾಯ ಎಂದುಕೊಂಡಿದ್ದೆ.

ಮುಗಿಸಿಕೊಡದೆ ಇದ್ದವರು ಆ ವಠಾರದಲ್ಲಿ ಒಬ್ಬರೇ. ಬೇರೆ ಯಾರಿಗೂ ಒಂದು ನಿಮಿಷ ಬಿಟ್ಟುಕೊಡದ ರಾಯರು, ಕಚೇರಿಗೆ ಹೊರಟವರು, ಪದ್ದು "ರಾ... ರಾ..." ಎಂದು ಶುರುಮಾಡಿದರೆ ಹಾಗೇ ನಿಂತುಬಿಡುತ್ತಿದ್ದರು. ಗಡಿಯಾರ ತೆಗೆದು ನೋಡುತ್ತಿರಲಿಲ್ಲ. ಮುಖದಲ್ಲಿ ಅಯ್ಯೋ ಅನ್ನುವ ಭಾವನೆಯೂ ಇಲ್ಲ. ಅವಳು "ರಾಯರೇ, ಶೀನ ಎಲ್ಲಿ?" ಎಂದು ಪೂರ್ತಿ ಕೇಳುವವರೆಗೆ ನಿಂತು, "ಒಳಗಿದಾರೆ, ಹೋಗಿ ಪದ್ಮಮ್ಮನವರೇ" ಎಂದು ಹೇಳಿಯೇ ಮುಂದಕ್ಕೆ ಹೆಜ್ಜೆ. ಅದಕ್ಕೂ ನನ್ನ ಹತ್ತಿರ ಒಂದು ಮಾತಿತ್ತು. "ಸಿಗ್ನಲ್ ಬಿದ್ದಿಲ್ಲ ಅಂತ ನಿಂತಿದಾರೆ" ಎನ್ನುತ್ತಿದ್ದೆ.

ಹೀಗಿರುವಾಗ ಒಂದು ಸಂಜೆ, ಐದೂವರೆಗೆ ಸರಿಯಾಗಿ, ರಾಯರು ನಮ್ಮ ಹೊಸ್ತಿಲಾಚೆ ಬಂದು ನಿಂತರು. ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದರು. ಅವರನ್ನು ಟೋಪಿಯಿಲ್ಲದೆ ನಾನು ನೋಡಿದ್ದು ಅದೇ ಮೊದಲು. ಎದುರಿಗೇ ನಲ್ಲಿ, ಅಲ್ಲಿ ನಾಲ್ಕು ಜನ ಹೆಂಗಸರು.

"ಎರಡು ನಿಮಿಷ ಮಾತಾಡ್ಬೇಕಿತ್ತು ತಾಯಿ."

"ಹೇಳಿ ರಾಯರೇ. ಮೂರನೇ ನಿಮಿಷ ಆದ್ರೆ ನಾನೇ ಹೇಳ್ತೀನಿ" ಎಂದೆ. ನಲ್ಲಿಯ ಹತ್ತಿರ ಒಬ್ಬರು ಕಿಸಕ್ಕೆಂದರು.

"ಮಗು ಕೈ ಕಟ್ಬೇಡಿ" ಎಂದರು ರಾಯರು. "ಊಟಕ್ಕೆ ಬಲಗೈ ಕಲಿಸಿ, ನಾನು ಬೇಡ ಅನ್ನೋದಿಲ್ಲ. ಬಳಪ ಹಿಡಿಯೋ ಕೈ ಮಾತ್ರ ಅದಕ್ಕೇ ಬಿಟ್ಬಿಡಿ. ಕೈ ಕಟ್ಟಿದ ಮೇಲೇ ಮಾತು ಸಿಕ್ಕಿಹಾಕ್ಕೊಂಡಿದ್ದು, ನಾನು ಗಮನಿಸಿದೀನಿ. ನಾನು ಡಾಕ್ಟರಲ್ಲ. ತಪ್ಪೂ ಇರಬಹುದು. ಒಂದು ತಿಂಗಳು ಬಿಚ್ಚಿ ನೋಡಿ ತಾಯಿ, ನಿಮ್ಮ ಕಾಲಿಗೆ ಬೀಳ್ತೀನಿ."

ನನ್ನ ಮಗುವನ್ನು ಅವರು ಗಮನಿಸುವುದೆಂದರೇನು? ನನ್ನ ಮೈಯೆಲ್ಲ ಉರಿಯಿತು. ಉರಿದಾಗ ನನಗೆ ಮಾತು ಇನ್ನೂ ಚೆನ್ನಾಗಿ ಬರುತ್ತದೆ. "ರಾಯರೇ, ನಿಮ್ಮ ಗಾಡಿ ನಿಮ್ಮ ಹಳಿ ಮೇಲೆ ಓಡಿಸ್ಕೊಳ್ಳಿ. ನಮ್ಮ ಸ್ಟೇಷನ್ನಿನಲ್ಲಿ ನಿಮಗೆ ನಿಲ್ಲೋಕೆ ಜಾಗ ಇಲ್ಲ" ಎಂದೆ. ನಲ್ಲಿಯ ಹತ್ತಿರ ಹೋ ಎಂದು ನಗು. ಬಿಂದಿಗೆ ತುಂಬಿ ಹೊರಗೆ ಚೆಲ್ಲುತ್ತಿದ್ದರೂ ಯಾರಿಗೂ ಎಚ್ಚರವಿಲ್ಲ. ರಾಯರು "ಆಯ್ತು ತಾಯಿ" ಎಂದು ಟೋಪಿ ಹಾಕಿಕೊಂಡು ಹೋದರು. ಈ ಪ್ರಸಂಗವನ್ನು ನಾನು ಮುಂದೆ ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ಸ್ಟೇಷನ್ನಿನ ಮಾತು ಬಂದಾಗ ಜನ ನನ್ನ ಜೊತೆಗೇ ಹೇಳುವಷ್ಟು ಬಾಯಿಪಾಠವಾಗಿತ್ತು.

ಅದಾದ ವಾರಕ್ಕೆ, ಸ್ವತಂತ್ರ ಆಟದ ಹೊತ್ತಿನಲ್ಲಿ, ನಾನು ಅಡುಗೆಮನೆಯಲ್ಲಿ ಹುಳಿಗೆ ಒಗ್ಗರಣೆ ಹಾಕುತ್ತಿದ್ದೆ. ಗೋಡೆಯಾಚೆ ರಾಯರ ನಡುಮನೆ. ಅಲ್ಲಿ ಒಂದು ಹುಡುಗಿ ಮಾತಾಡುತ್ತಿತ್ತು. ಅಂಗಡಿ ಆಟ. "ಅಕ್ಕಿ ಬೇಕೇನ್ರೀ, ಬೇಳೆ ಬೇಕೇನ್ರೀ, ನಮ್ಮಲ್ಲಿ ಎಲ್ಲಾ ಇದೆ ಕಣ್ರೀ, ಬೆಲ್ಲ ಮಾತ್ರ ಖಾಲಿ." ಒಂದು ಕಡೆಯೂ ತಡೆಯಿಲ್ಲ. ಯಾರ ಮನೆಯ ಮಗು ಇಷ್ಟು ಚೆನ್ನಾಗಿ ಮಾತಾಡುತ್ತಿದೆ ಎಂದುಕೊಂಡೆ. ಹಿತ್ತಿಲಿಗೆ ಹೋಗಿ ಅವರ ಕಿಟಕಿಯಿಂದ ಇಣುಕಿದರೆ, ನನ್ನ ಪದ್ದು. ಎಡಗೈಯಲ್ಲಿ ತಕ್ಕಡಿ ಹಿಡಿದು ಮರಳು ತೂಗುತ್ತಿದ್ದಳು. ರಾಯರು ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತು ಗಿರಾಕಿಯಾಗಿದ್ದರು. ನಾನು ಸದ್ದು ಮಾಡದೆ ವಾಪಸು ಬಂದೆ. ಒಗ್ಗರಣೆ ಸೀದುಹೋಗಿತ್ತು. ಮಾರನೆಯ ದಿನ ಸ್ಲೇಟಿನ ಹೊತ್ತಿಗೆ ಮತ್ತೆ ಕೈ ಕಟ್ಟಿದೆ. ಅದರ ಮಾರನೆಯ ದಿನವೂ ಕಟ್ಟಿದೆ. ಶಾಲೆಗೆ ಸೇರಿಸುವವರೆಗೆ, ಸುಮಾರು ಒಂದೂವರೆ ವರ್ಷ, ಕಟ್ಟಿದೆ.

ಅವರ ಶೀನ ಮುಂದೆ ಏನಾದ ಎಂದು ಕೇಳುತ್ತೀರೇನೋ. ಮಹಾ ಜಾಣನೇನೂ ಆಗಲಿಲ್ಲ. ಎಡಗೈಯಲ್ಲಿ ಕೋಳಿಕಾಲಿನ ಅಕ್ಷರ ಬರೆದುಕೊಂಡು, ಒಂದು ಕ್ಲಾಸಿನಲ್ಲಿ ಡುಮ್ಕಿ ಹೊಡೆದು, ಎಲ್ಲದಕ್ಕೂ ಅರ್ಧ ಗಂಟೆ ತಡವಾಗಿ ಬರುತ್ತ ಬೆಳೆದ. ಆದರೆ ಎಲ್ಲಿ ನಿಲ್ಲಿಸಿದರೂ ಪಟಪಟ ಮಾತಾಡುತ್ತಿದ್ದ. ನನ್ನ ಪದ್ದು ಕ್ಲಾಸಿಗೇ ಮೊದಲು. ಅವಳ ದುಂಡು ಅಕ್ಷರವನ್ನು ಮೇಷ್ಟರುಗಳು ಬೇರೆ ಮಕ್ಕಳಿಗೆ ತೋರಿಸುತ್ತಿದ್ದರು. ಹಾಜರಿ ಕೂಗಿದಾಗ ಮಾತ್ರ ಅವಳ ಪಕ್ಕದ ಹುಡುಗಿ ಅವಳ ಪರವಾಗಿ "ಪ್ರೆಸೆಂಟ್ ಸಾರ್" ಎನ್ನುತ್ತಿದ್ದಳು.

ರಾಯರು ರಿಟೈರಾದಾಗ ವಠಾರದವರೆಲ್ಲ ಸೇರಿ ಒಂದು ಸಣ್ಣ ಸಮಾರಂಭ ಮಾಡಿದೆವು. ಅಂಗಳದಲ್ಲಿ ಜಮಖಾನ, ಗಂಧದ ಹಾರ, ಒಂದು ಶಾಲು, ಕೇಸರಿಭಾತು, ಖಾರಾಭಾತು, ಕಾಫಿ. ರಾಯರ ಬಗ್ಗೆ ಮಾತಾಡಲು ನನಗಿಂತ ಸಮರ್ಥರು ಯಾರಿದ್ದಾರೆ? ಎದ್ದು ನಿಂತು ವೇಳಾಪಟ್ಟಿಯಿಂದ ಹಿಡಿದು ಎಮ್ಮೆಯ ನಮಸ್ಕಾರದವರೆಗೆ ಎಲ್ಲ ಹೇಳಿದೆ. ಸ್ಟೇಷನ್ನಿನ ಮಾತನ್ನೂ ಹೇಳಿಬಿಟ್ಟೆ. ಜನ ಕಣ್ಣೀರು ಒರೆಸಿಕೊಂಡು ನಕ್ಕರು. ರಾಯರೂ ನಕ್ಕರು. ಅವರು ನನ್ನ ಮೇಲೆ ಎಂದೂ ಕೋಪ ಮಾಡಿಕೊಂಡವರಲ್ಲ, ಅದೇ ನನಗೆ ಅವರ ಮೇಲಿದ್ದ ದೊಡ್ಡ ಕೋಪ.

ನಾನು ಕೂತ ಮೇಲೆ ಪದ್ದು ಎದ್ದಳು. ಆಗ ಅವಳಿಗೆ ಹದಿನೇಳು. ನಾಲ್ಕು ಜನರ ಮುಂದೆ ಬಾಯಿಬಿಟ್ಟವಳಲ್ಲ. ನಾನು ಅವಳ ಲಂಗ ಜಗ್ಗಿದೆ, ಅವಳು ಬಿಡಿಸಿಕೊಂಡಳು.

"ನ... ನನಗೆ ಆಗ ಐದು ವರ್ಷ" ಎಂದಳು. "ರಾಯರು ನಮ್ಮನೆ ಬಾ... ಬಾ..."

"ಬಾಗಿಲಿಗೆ" ಎಂದು ಇಬ್ಬರು ಮೂವರು ಒಟ್ಟಿಗೆ ಹೇಳಿದರು. ರಾಯರು ಅವರ ಕಡೆ ಕೈಯೆತ್ತಿ, ಸುಮ್ಮನಿರಿ ಎಂದು ಸನ್ನೆ ಮಾಡಿದರು.

"ಬಾಗಿಲಿಗೆ ಬಂದಿದ್ರು. ನಾನು ಒಳಗೆ ಕದದ ಹಿಂದೆ ನಿಂತಿದ್ದೆ. ನನ್ನ ಕೈ ಕ... ಕಟ್ಬೇಡಿ ಅಂತ ಅಮ್ಮನ್ನ ಬೇಡ್ಕೊಂಡ್ರು. ಎಲ್ಲರೂ ನಕ್ರು. ನನ್ನ ಪರವಾಗಿ ಮಾತಾಡಿದವರು ಅವರೊಬ್ಬರೇ. ಅದಕ್ಕೆ ನ... ನ... ನಮಸ್ಕಾರ."

ಹೋಗಿ ಅವರ ಕಾಲು ಮುಟ್ಟಿದಳು. ರಾಯರು ಪಾಪ, ಎಲ್ಲಿ ನೋಡಬೇಕೆಂದು ತಿಳಿಯದೆ ಶಾಲು ಸರಿಮಾಡಿಕೊಂಡು, "ಕಾಫಿ ಆರುತ್ತೆ, ತಗೊಳ್ಳಿ ಎಲ್ಲರೂ" ಎಂದರು. ಅವತ್ತು ಅವರು ಗಡಿಯಾರ ನೋಡಿದ್ದನ್ನು ನಾನು ಕಾಣಲಿಲ್ಲ.

ಎಲ್ಲರೂ ಹೋದ ಮೇಲೆ ಹಿತ್ತಿಲಲ್ಲಿ ಕಾಫಿ ಲೋಟ ತೊಳೆಯುತ್ತ ಕೂತೆವು, ನಾನು ಮತ್ತು ಪದ್ದು. ನಾನು ತಿಕ್ಕಿ ಕೊಡುತ್ತಿದ್ದೆ, ಅವಳು ಗಲಬರಿಸಿ ಬೋರಲು ಹಾಕುತ್ತಿದ್ದಳು. ಸುಮ್ಮನಿರಲಾರದೆ ನಾನೇ, "ಏನಮ್ಮ, ಭಾಷಣ ಜೋರಾಗಿತ್ತು. ಹೆತ್ತವಳ ಮಾನ ಹರಾಜು ಹಾಕೋಕೆ ಎಷ್ಟು ದಿನದಿಂದ ಅಭ್ಯಾಸ ಮಾಡಿದ್ದೆ?" ಎಂದೆ.

ಅವಳು ಲೋಟ ಕೆಳಗಿಟ್ಟಳು. "ಅಮ್ಮ, ರಾಯರು ಹೇಳಿದ್ದು ಸ... ಸ... ಸ..."

ಸರಿ ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಹನ್ನೆರಡು ವರ್ಷದಿಂದ ಅವಳ ಮಾತನ್ನು ಮುಗಿಸಿಕೊಟ್ಟ ಬಾಯಿ. ಹೇಗೋ ತುಟಿ ಬಿಗಿ ಹಿಡಿದು ಕೂತೆ. ಅವಳ ಕುತ್ತಿಗೆಯ ನರ ಉಬ್ಬಿತು, ಇಳಿಯಿತು.

"ಸರಿ ಅಂತ ನಿನಗೆ ಗೊತ್ತಿತ್ತಾ?" ಎಂದು ಮುಗಿಸಿದಳು.

"ಗೊತ್ತಿತ್ತು" ಎಂದೆ. "ನೀನು ಅವರ ಮನೇಲಿ ಅಂಗಡಿ ಆಟ ಆಡ್ತಿದ್ದಾಗ ಕಿಟಕೀಲಿ ಕೇಳಿಸಿಕೊಂಡಿದ್ದೆ."

"ಮತ್ತೆ ಯಾಕೆ ಬಿಚ್ಚಲಿಲ್ಲ?"

ಶಾಸ್ತ್ರ, ಕುಂಕುಮ, ಮದುವೆ, ಜನ, ಎಲ್ಲ ಕಾರಣಗಳೂ ಒಂದರ ಹಿಂದೊಂದು ಬಾಯಿಗೆ ಬಂದವು. ತಿಕ್ಕಿದ ಲೋಟವನ್ನೇ ಮತ್ತೆ ತಿಕ್ಕಿದೆ. ಅವಳು ಕಾಯುತ್ತಿದ್ದಳು.

"ಅಷ್ಟು ಹೊತ್ತಿಗೆ ನಲ್ಲಿ ಹತ್ರ ರಾಯರನ್ನ ಆಡ್ಕೊಂಡು ತುಂಬಾ ನಗಿಸಿಬಿಟ್ಟಿದ್ದೆ ಕಣೇ" ಎಂದೆ.